ಸೆರಗಿನ ತುಂಡು, ದೇಗಚಿಯ ಹೆಸರು

ನಿಜಾಮರ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ವರ್ಷ ತುಂಬಿತ್ತು. ಅಂದರೆ 1949ರ ಚಳಿಗಾಲ. ನನಗಾಗ ಹದಿನೆಂಟು. ಬೀದರಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ನಮ್ಮದು ಮೆಥೊಡಿಸ್ಟ್ ಕುಟುಂಬ. ಅಪ್ಪ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು.

ನಮ್ಮ ಕಡೆ ಟೀಚರಮ್ಮನನ್ನು ಬಾಯಿ ಎನ್ನುತ್ತಾರೆ; ಸಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಬಾಯಿ ಎಂದು ಕರೆಯುತ್ತಿದ್ದರು. ಒಂದು ದಿನ ಅವರು ನನ್ನನ್ನು ಕರೆದು, "ಸುಗಂಧಾ, ಭಾಲ್ಕಿಗಿ ಹೋಗ್ತೀ ಏನು? ಅಲ್ಲಿ ಹೆಣ್ಮಕ್ಕಳನ್ನ ಕೂಡಿಸಿ, ಹಳೇ ಬಟ್ಟಿ ತುಂಡಿನಿಂದ ಹೊದಿಲಾಕ ಒಂದು ಕೌದಿ ಹೊಲಿಸಬೇಕು" ಎಂದರು.

"ಕೌದಿ ಅವರಿಗೇ ಬರ್ತದಲ್ರಿ ಬಾಯಿ. ನಾ ಏನು ಕಲಿಸ್ಲಿ?" ಎಂದೆ.

"ನೀ ಏನೂ ಕಲಿಸಬ್ಯಾಡ. ಅವರು ಒಂದೇ ಜಾಗಾದಾಗ ಕೂಡಬೇಕು, ಅಷ್ಟೇ. ವರ್ಷ ಆಯ್ತು, ಒಬ್ಬರ ಮಾರಿ ಒಬ್ಬರು ನೋಡವಲ್ರು."

ಅವರು ಹೇಳಿದ್ದು ನನಗೆ ಅರ್ಥವಾಗಿತ್ತು. ಮೊದಲು, ನಿಜಾಮರ ಪರ ಶಸ್ತ್ರ ಹಿಡಿದ ರಜಾಕಾರರ ಕಾಲದಲ್ಲಿ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಹಿಂದೂಗಳ ಮನೆಗಳು ಲೂಟಿಯಾದವು. ಆಮೇಲೆ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿದಾಗ ಅದೇ ಹಳ್ಳಿಗಳಲ್ಲಿ ಮುಸ್ಲಿಮರ ಮನೆಗಳು ಲೂಟಿಯಾದವು. ಆ ದಿನಗಳಲ್ಲಿ ಮನೆಬಿಟ್ಟು ಹೋದ ಎಷ್ಟೋ ಗಂಡಸರು ತಿರುಗಿ ಬರಲಿಲ್ಲ. ಎರಡೂ ಕಡೆಯ ಹೆಂಗಸರು ಭಾಲ್ಕಿಯ ನೆಂಟರ ಮನೆಗಳಲ್ಲಿ ಬಂದು ಉಳಿದಿದ್ದರು. ಒಂದೇ ಬಾವಿಗೆ ನೀರಿಗೆ ಬರುತ್ತಿದ್ದರು, ಆದರೆ ಹೊತ್ತು ಬೇರೆ ಬೇರೆ.

ನಾನು ರೈಲು ಹತ್ತಿ ಭಾಲ್ಕಿಗೆ ಹೋಗಿ ಅಲ್ಲಿಯ ಪಾದ್ರಿಯವರ ಮನೆಯಲ್ಲಿ ಉಳಿದುಕೊಂಡೆ. ಕೂಡಲು ಜಾಗ ಹುಡುಕುವುದೇ ಮೊದಲ ಕಷ್ಟವಾಯಿತು. ಚರ್ಚಿಗೆ ಲಿಂಗಾಯತ ಹೆಂಗಸರು ಬರುವುದಿಲ್ಲ, ಬಜಾರಿನಲ್ಲಿ ಮುಸ್ಲಿಂ ಹೆಂಗಸರು ಕೂಡುವುದಿಲ್ಲ. ಕೊನೆಗೆ ಒಬ್ಬ ವ್ಯಾಪಾರಿ ತನ್ನ ಖಾಲಿ ಬಿದ್ದಿದ್ದ ಹತ್ತಿಯ ಗೋದಾಮನ್ನು ಕೊಟ್ಟ. ಸುತ್ತ ಎತ್ತರದ ಗೋಡೆ, ನಡುವೆ ಅಂಗಳ, ಒಳ್ಳೆಯ ಬಿಸಿಲು.

ಮೊದಲ ದಿನ ಹನ್ನೊಂದು ಜನ ಬಂದರು. ನಾನು ಒಂದೇ ದೊಡ್ಡ ಜಮಖಾನ ಹಾಸಿದ್ದೆ. ಅದರ ಈ ತುದಿಗೆ ಆರು ಜನ ಲಿಂಗಾಯತರು, ಆ ತುದಿಗೆ ಐದು ಜನ ಮುಸ್ಲಿಮರು ಕೂತರು. ನಡುವೆ ನಾನೊಬ್ಬಳೇ ಉಳಿದೆ.

ನಾನು ಸಾಲೆಯಲ್ಲಿ ಕಲಿತದ್ದು ಕಸೂತಿ, ಲೇಸು, ಫ್ರಾಕು. ಕೌದಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಪ್ರಶ್ನೆ ಕೇಳುವ ಚಟ ಮಾತ್ರ ಚಿಕ್ಕಂದಿನಿಂದ ಇತ್ತು. "ಹೊಲಿಗಿ ಎಲ್ಲಿಂದ ಶುರು ಮಾಡ್ತೀರಿ?" ಎಂದು ಸುಮ್ಮನೆ ಕೇಳಿದೆ.

"ಅಂಚಿನಿಂದ ಶುರು ಮಾಡಿ, ಸುತ್ತ ಹೊಲಕೋತ ನಡುವಿಗಿ ಬರಬೇಕ್ರಿ" ಎಂದು ಕಾಶೆಮ್ಮ ಹೇಳಿದರು. ಇವರು ಔರಾದ ತಾಲೂಕಿನ ಡಾಬಕಾದ ಲಿಂಗಾಯತ ಒಕ್ಕಲಗಿತ್ತಿ, ಮೂವತ್ತೈದರ ಸುಮಾರಿನವರು. ರಜಾಕಾರರು ಮನೆ ಲೂಟಿ ಮಾಡಿದ ಮೇಲೆ ಭಾಲ್ಕಿಯ ಅಣ್ಣನ ಮನೆಗೆ ಬಂದಿದ್ದರು.

"ಹಂಗ ಮಾಡಿದ್ರ ನಡುವ ಬಟ್ಟಿ ಉಬ್ತದ. ಸಾಲು ಸಾಲು ಹೊಲೀಬೇಕು" ಎಂದು ಆ ತುದಿಯಿಂದ ದನಿ ಬಂತು. ಅದು ಹುಸೇನಬಿಯವರದು. ಔರಾದ ಕಡೆಯವರೇ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಚಿಕ್ಕಮ್ಮನ ಮನೆಯಲ್ಲಿದ್ದರು. ಅವರ ಗಂಡ ತಿರುಗಿ ಬಾರದವರಲ್ಲಿ ಒಬ್ಬರು.

"ಎಲ್ಲಿ ಉಬ್ತದ? ನಾ ಇಪ್ಪತ್ತು ಕೌದಿ ಹೊಲ್ದೀನಿ, ಒಂದೂ ಉಬ್ಬಿಲ್ಲ" ಎಂದರು ಕಾಶೆಮ್ಮ. ಮಾತು ನನಗೆ ಹೇಳಿದಂತಿತ್ತು, ಕೇಳಿಸಬೇಕಾದದ್ದು ಅವರಿಗೆ.

ಇದು ಎರಡು ಧರ್ಮಗಳ ಪದ್ಧತಿ ಇರಬೇಕು ಅಂದುಕೊಂಡೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿ ನೋಡಿದರೆ ಲಿಂಗಾಯತರಲ್ಲೂ ಸಾಲು ಹೊಲಿಯುವವರಿದ್ದರು, ಮುಸ್ಲಿಮರಲ್ಲೂ ಸುತ್ತ ಹೊಲಿಯುವವರಿದ್ದರು. ಅವರವರ ಅತ್ತೆ ಕಲಿಸಿದ್ದು, ಅಷ್ಟೇ. ನನಗೆ ಎರಡೂ ರೀತಿ ತೋರಿಸುವುದಕ್ಕೆ ಅವರು ಜಮಖಾನದ ಮೇಲೆ ಸ್ವಲ್ಪ ಸ್ವಲ್ಪ ಮುಂದೆ ಸರಿದರು.

ಮೂರನೆಯ ದಿನ ಮತ್ತೊಂದು ಪ್ರಶ್ನೆ ಕೇಳಿದೆ. "ಎಲ್ಲಾ ಮುಗದ ಮ್ಯಾಲ ಕೊನೀ ಮೂಲಿ ಹ್ಯಾಂಗ ಮುಚ್ತೀರಿ?"

"ಮೊದಲು ಹೊಟ್ಟಿ ತುಂಬಿಸ್ತೇವ್ರಿ" ಎಂದು ಎರಡೂ ಕಡೆಯಿಂದ ಒಟ್ಟಿಗೇ ಉತ್ತರ ಬಂತು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾರಂತೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರೆಂದು ನಂಬಿಕೆ. ಎರಡೂ ಕಡೆಯವರ ಮನೆಯಲ್ಲೂ ಅದೇ ನಂಬಿಕೆ ಇದ್ದದ್ದು ಒಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. ನನಗಂತೂ ಬಹಳ ಕುತೂಹಲವಾಯಿತು. ಆದರೆ ಯಾರ ಮನೆಯ ರೊಟ್ಟಿ ಇಡಬೇಕು ಎಂಬ ಮಾತು ಬಂದಾಗ ಕಾಶೆಮ್ಮ, "ಬ್ಯಾರೆಯವರ ಮನಿ ಅಡಗಿ ಒಳಗಿದ್ರ ಆ ಕೌದಿ ನಾವು ಮುಟ್ಟಂಗಿಲ್ರಿ" ಎಂದು ನೇರವಾಗಿ ಹೇಳಿಬಿಟ್ಟರು. ಹುಸೇನಬಿ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿಕೊಂಡರು. ನಾನು ಆ ಮಾತನ್ನು ಮುಂದಕ್ಕೆ ಹಾಕಿದೆ.

ಒಂದು ವಾರದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಯ ಹಳೆಯ ಬಟ್ಟೆ ತರುವ ದಿನ. ಗಂಟು ಬಿಚ್ಚಿ ಎಲ್ಲವನ್ನೂ ನಡುವೆ ರಾಶಿ ಹಾಕಿದೆವು. ಧೋತರ, ಹುಡುಗಿಯರು ಉಡುವ ಪರಕಾರ, ಚಾದರ, ಮಕ್ಕಳ ಅಂಗಿ. ಅಳತೆಗೆ ಕತ್ತರಿಸಲು ಕಾಶೆಮ್ಮನವರೇ ಕತ್ತರಿ ಹಿಡಿದಿದ್ದರು. ರಾಶಿಯಿಂದ ಒಂದು ಹಸಿರು ಸೀರೆಯ ತುಂಡು ಎಳೆದವರು ಹಾಗೇ ನಿಂತುಬಿಟ್ಟರು.

ಆ ತುಂಡಿಗೆ ಕೆಂಪು ಅಂಚಿತ್ತು. ಸೆರಗಿನ ಹತ್ತಿರ ಒಂದು ಕಡೆ ಸುಟ್ಟ ತೂತನ್ನು ನೀಲಿ ದಾರದಿಂದ ರಫು ಮಾಡಿದ್ದರು. ಕಾಶೆಮ್ಮ ಆ ರಫುವಿನ ಮೇಲೆ ಬೆರಳಾಡಿಸಿ ನನ್ನನ್ನು ಕೇಳಿದರು. "ಬಾಯಿ, ಇದು ಯಾರು ತಂದಾರ?"

ನನಗೆ ಗೊತ್ತಿತ್ತು, ಹೇಳಲಿಲ್ಲ.

"ಇದು ನಂದು. ಹಿರೇಮಗನ ತೊಟ್ಟಿಲ ದಿನ ದೀಪ ತಾಗಿ ಸುಟ್ಟಿತ್ತು. ಹಸರ ದಾರ ಸಿಗಲಿಲ್ಲಂತ ನಮ್ಮವ್ವ ನೀಲಿ ದಾರದಾಗ ಕೂಡಿಸಿ ಕೊಟ್ಟಿದ್ಳು. ಲೂಟಿ ಆದ ದಿನ ಟ್ರಂಕಿನಾಗ ಹೋತು."

ಹುಸೇನಬಿ ಕೂತಲ್ಲಿಂದ ಎದ್ದು ನಿಂತರು. ಬಜಾರಿನಲ್ಲಿ ಕೊಂಡದ್ದು ಎನ್ನಬಹುದಿತ್ತು. ಯಾರೋ ಕೊಟ್ಟದ್ದು ಎಂದಿದ್ದರೂ ನಾವೆಲ್ಲ ನಂಬುತ್ತಿದ್ದೆವು. ಅವರು ಹಾಗೆ ಹೇಳಲಿಲ್ಲ.

"ನಾ ತಂದೀನಿ ಅಕ್ಕಾ. ನಮ್ಮ ಮನೆಯವರು ತಂದಿದ್ರು. ಎಲ್ಲಿಂದಂತ ನಾ ಕೇಳಿದೆ, ಅವರು ಹೇಳಲಿಲ್ಲ. ಹೇಳದಿದ್ರೂ ನನಗ ತಿಳೀತು. ಒಂದಿನಾನೂ ಉಟ್ಟಿಲ್ಲ" ಎಂದರು. ಮಾತು ಸ್ಪಷ್ಟವಾಗಿತ್ತು.

ಕಾಶೆಮ್ಮ ಕತ್ತರಿಯನ್ನು ಕೆಳಗಿಟ್ಟರು. ಸೀರೆಯ ತುಂಡನ್ನೂ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಹಿಂದೆ ಉಳಿದ ಐವರೂ ಹೋದರು.

ಮುಂದಿನ ಎರಡು ದಿನ ಕಾಶೆಮ್ಮನ ಕಡೆಯಿಂದ ಯಾರೂ ಬರಲಿಲ್ಲ. ಇನ್ನೊಂದು ಕಡೆಯಿಂದ ಹುಸೇನಬಿಯೊಬ್ಬರೇ ಬಂದರು. ಬಂದು ಸುಮ್ಮನೆ ಹೊಲಿಯುತ್ತಿದ್ದರು. ಕೆಲಸ ಕೆಟ್ಟಿತೆಂದು ದೊಡ್ಡ ಬಾಯಿಗೆ ಪತ್ರ ಬರೆಯಲು ಕೂತವಳು ಬರೆಯಲಾಗದೆ ಎದ್ದು ಅವರ ಹತ್ತಿರ ಹೋಗಿ ಕೇಳಿದೆ. "ಅದನ್ನ ಯಾಕ ತಂದ್ರಿ? ಮನ್ಯಾಗೇ ಇದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ಉಡಲಾಕ ಆಗಲಿಲ್ರಿ, ಸುಡಲಾಕೂ ಕೈ ಬರಲಿಲ್ಲ. ಯಾರದೋ ಮದಿವಿ ಸೀರಿ ಅನಸ್ತಿತ್ತು. ಪೆಟ್ಟಿಗಿ ತೆರದಾಗೊಮ್ಮೆ ಕಣ್ಣಿಗಿ ಬೀಳ್ತಿತ್ತು. ಕೌದ್ಯಾಗರ ಸೇರ್ಲಿ, ಯಾರರ ಹೊದ್ಕೊಳ್ಳಿ ಅಂತ ತಂದೆ. ಅದರ ಮಾಲಕಿ ಇಲ್ಲೇ ಕೂತಾಳಂತ ನನಗೇನು ಗೊತ್ತು?"

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಗೋದಾಮಿನ ಬಾಗಿಲಲ್ಲಿ ಕಾಶೆಮ್ಮ ನಿಂತಿದ್ದರು. ಬಗಲಲ್ಲಿ ಧೋತರದಲ್ಲಿ ಸುತ್ತಿದ ಒಂದು ದೊಡ್ಡ ಗಂಟು. ಒಳಗೆ ಬಂದು ಹುಸೇನಬಿಯ ಕಡೆ ನೋಡದೆ ನನ್ನ ಮುಂದೆ ಕೂತು ಗಂಟು ಬಿಚ್ಚಿದರು. ಒಳಗೆ ತಾಮ್ರದ ದೇಗಚಿ ಇತ್ತು, ಮದುವೆಯಲ್ಲಿ ಮಗಳಿಗೆ ಕೊಡುವಂಥ ದಪ್ಪ ಪಾತ್ರೆ. ಅದರ ಕಂಠದಲ್ಲಿ ಉರ್ದು ಅಕ್ಷರ ಕೆತ್ತಿದ್ದರು.

"ನೀವು ಉರ್ದು ಓದೀರಲ್ರಿ ಬಾಯಿ. ಇದರ ಮ್ಯಾಲ ಯಾರ ಹೆಸರದ, ಓದ್ರಿ."

ನಿಜಾಮರ ಕಾಲದಲ್ಲಿ ಸಾಲೆ ಕಲಿತವಳು ನಾನು. ಉರ್ದು ಚೆನ್ನಾಗಿಯೇ ಬರುತ್ತಿತ್ತು. ಆದರೂ ಕೂಡಲೇ ಓದಲಿಲ್ಲ. "ಇದು ಎಲ್ಲಿಂದ ಬಂತ್ರಿ?" ಎಂದೆ.

"ಮಿಲ್ಟ್ರಿ ಬಂದ ವಾರ ನಮ್ಮ ಮೈದುನ ತಂದಿಟ್ಟ. ನಮ್ಮನಿ ಲೂಟಿ ಆಗಿತ್ತಲ್ಲ, ಅದಕ್ಕ ಇದು ಅಂದ. ನಾನೂ ಸುಮ್ಮನಿದ್ದೆ. ವರ್ಷಾತು, ಕಡ್ಲಿ ಹಾಕಿಟ್ಟೀನಿ. ಈ ಊರಾಗ ಉರ್ದು ಬಲ್ಲವರು ಮಸ್ತ್ ಮಂದಿ ಅದಾರ, ಒಬ್ಬರ ಕೈಲೂ ಓದಿಸಲಿಲ್ಲ. ಓದಿಸಿದ್ರ ಅದಕ್ಕೊಬ್ಬಾಕಿ ಮಾಲಕಿ ಹುಟ್ತಾಳ." ನೋಡದೆಯೇ ಹುಸೇನಬಿಯ ಕಡೆ ಕೈ ತೋರಿಸಿ ಹೇಳಿದರು. "ಅಕಿ ಅಷ್ಟು ಮಂದ್ಯಾಗ ಎದ್ದು ನಿಂತು ನಾ ತಂದೀನಿ ಅಂದ್ಳು. ಮನಿಗಿ ಹೋಗಿ ಕಡ್ಲಿ ತೆಗಿಲಾಕ ಹೋದ್ರ ಕೈ ಒಳಗ ಹೋಗವಲ್ದು."

ನಾನು ದೇಗಚಿಯನ್ನು ಬಿಸಿಲಿಗೆ ತಿರುಗಿಸಿ ಹಿಡಿದು ಓದಿದೆ. ಚಾಂದಬಿ ಎಂದಿತ್ತು. ಕೆಳಗೆ ಅವಳ ತಂದೆಯ ಹೆಸರು, ಅದರ ಪಕ್ಕ ಡಾಬಕಾ.

ಕಾಶೆಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನಮ್ಮ ಓಣಿಯಾಕಿ. ನನ್ನ ಬಾಣಂತನದಾಗ ತಿನ್ನಲಾಕ ಉತ್ತತ್ತಿ ಕೊಟ್ಟು ಕಳಿಸಿದ್ಳು" ಎಂದರು.

ಆಗ ಹುಸೇನಬಿ ಮೊದಲ ಸಲ ಎದ್ದು ಬಂದು ಅವರ ಪಕ್ಕ ಕೂತರು. "ಆಕಿ ಬದುಕ್ಯಾಳ ಅಕ್ಕಾ, ನಮ್ಮ ಚಿಕ್ಕಮ್ಮ ಹೇಳಿದ್ಳು. ಬೀದರದಾಗ, ಮೈಲೂರದಾಗ ಅಕ್ಕನ ಮನ್ಯಾಗ ಇದ್ದಾಳ. ಹೋಗಮು" ಎಂದರು.

ಕಾಶೆಮ್ಮ ಹೋಗಿ ಉಳಿದವರನ್ನೂ ಕರೆತಂದರು. ಏನು ಹೇಳಿ ಕರೆತಂದರೋ ನನಗೆ ಗೊತ್ತಿಲ್ಲ. ಹಸಿರು ಸೀರೆಯ ತುಂಡನ್ನು ತಾವೇ ಚೌಕವಾಗಿ ಕತ್ತರಿಸಿ ಕೌದಿಯ ನಡುವೆ ಇಟ್ಟರು. ಅದರ ಸುತ್ತ ಹುಸೇನಬಿ ಸಾಲು ಹೊಲಿಗೆ ಹಾಕಿದರು. ಆಮೇಲೆ ಹದಿನೈದು ದಿನ ಕೆಲಸ ನಡೆಯಿತು. ಮಾತು ಬಹಳ ಇರಲಿಲ್ಲ. ಸೂಜಿ ಕೊಡು, ದಾರ ಕೊಡು, ಆ ಅಂಚು ಎಳಿ, ಇಷ್ಟೇ. ಆದರೆ ಜಮಖಾನದ ನಡುವೆ ಖಾಲಿ ಜಾಗ ಇರಲಿಲ್ಲ.

ಹೊಟ್ಟೆ ತುಂಬಿಸುವ ದಿನ ಬಂದಾಗ ಹಳೆಯ ತಕರಾರು ಮತ್ತೆ ಎದ್ದಿತು. ಈ ಸಲ ಹುಸೇನಬಿಯೇ ದಾರಿ ತೋರಿಸಿದರು. "ರೊಟ್ಟಿ ಬ್ಯಾಡ. ಅಡಗಿ ಅಂದ್ರ ಮೈಲಿಗಿ ಬರ್ತದ. ಹಸೀ ಜೋಳ ಹಾಕಿದ್ರ ಯಾರದು ಅಂತ ಯಾರು ಹೇಳ್ತಾರ?" ಹನ್ನೊಂದು ಮನೆಗಳಿಂದ ಒಂದೊಂದು ಚಿಟಿಕೆ ಜೋಳ ಬಂತು. ನನಗೂ ತರಲು ಹೇಳಿದರು. ಪಾದ್ರಿಯವರ ಮನೆಯಿಂದ ತಂದು ಹಾಕಿದೆ.

ಆ ಕೌದಿಯನ್ನು ಬೀದರಿನ ಆಸ್ಪತ್ರೆಯ ಬಾಣಂತಿಯರ ವಾರ್ಡಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ನಾನು, ಕಾಶೆಮ್ಮ, ಹುಸೇನಬಿ ಮೂವರೂ ರೈಲಿನಲ್ಲಿ ಬಂದೆವು. ಕೌದಿ ಒಪ್ಪಿಸಿ ಅಲ್ಲಿಂದ ಮೈಲೂರಿಗೆ ನಡೆದೆವು. ದೇಗಚಿ ಹೊತ್ತುಕೊಂಡಿದ್ದವರು ಕಾಶೆಮ್ಮ. ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಚಾಂದಬಿ ಬಾಗಿಲು ತೆರೆದು ಕಾಶೆಮ್ಮನವರನ್ನು ನೋಡಿ ಗುರುತು ಹಿಡಿದರು. ಆಮೇಲೆ ದೇಗಚಿಯನ್ನು ನೋಡಿದರು. ಅಳುತ್ತಾರೆ, ಇಲ್ಲವೆ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ದೇಗಚಿಯನ್ನು ಕೈಗೆ ತೆಗೆದುಕೊಂಡು, ಒಳಗೆ ಇಣುಕಿ ನೋಡಿ, "ಕಲಾಯಿ ಎಲ್ಲಾ ಹೋಗ್ಯಾದಲ್ಲ ಕಾಶೆಮ್ಮ, ಒಮ್ಮೆರ ಮಾಡಿಸಬಾರದಾಗಿತ್ತಾ?" ಎಂದರು.

"ಅಡಗಿ ಮಾಡಿಲ್ಲ ಅದರಾಗ. ಕಡ್ಲಿ ಇಟ್ಟಿದ್ದೆ" ಎಂದು ಕಾಶೆಮ್ಮ ತಲೆ ತಗ್ಗಿಸಿ ಹೇಳಿದರು. "ಆಗಿನ ದಿನಾನೇ ತಂದು ಕೊಡಬೇಕಾಗಿತ್ತು."

"ಆಗ ನಾ ಎಲ್ಲಿದ್ದೆ, ನೀ ತಂದು ಕೊಡಲಾಕ?" ಎಂದರು ಚಾಂದಬಿ. ಅಷ್ಟು ಹೇಳಿ ಒಳಗೆ ಹೋದವರು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಅವರ ಅಕ್ಕ ನಮ್ಮನ್ನು ಕೂಡಿಸಿದರು. ಚಾಂದಬಿ ಮುಖ ತೊಳೆದುಕೊಂಡು ಬಂದಾಗ ಕಣ್ಣು ಕೆಂಪಗಿತ್ತು. ಕೈಯಲ್ಲಿ ಚಹಾ ಇತ್ತು, ಜೊತೆಗೆ ಒಂದು ಪೇರಲ ಹಣ್ಣು. ಚಹಾ ನನಗೂ ಹುಸೇನಬಿಗೂ. ಹಣ್ಣನ್ನು ಕಾಶೆಮ್ಮನ ಮುಂದಿಟ್ಟು, "ನಮ್ಮನಿ ಚಹಾ ನೀ ಕುಡಿಯಂಗಿಲ್ಲ, ಗೊತ್ತದ. ಇದು ಗಿಡದ್ದು, ತಿನ್ನು" ಎಂದರು. ಕಾಶೆಮ್ಮ ತಿಂದರು. ಚಹಾ ಮಾತ್ರ ಮುಟ್ಟಲಿಲ್ಲ. ಇದನ್ನು ಇದ್ದದ್ದು ಇದ್ದಂತೆ ಹೇಳುತ್ತಿದ್ದೇನೆ. ಒಂದು ಕೌದಿಯಿಂದ ಎಲ್ಲವೂ ಬದಲಾಯಿತು ಎಂದು ಬರೆದರೆ ಸುಳ್ಳಾದೀತು.

ಮರುವರ್ಷ ಕಾಶೆಮ್ಮ ಡಾಬಕಾಕ್ಕೆ ವಾಪಸು ಹೋದರು. ಹುಸೇನಬಿ ಭಾಲ್ಕಿಯಲ್ಲೇ ಹೊಲಿಗೆ ಮಾಡಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಚಾಂದಬಿ ಊರಿಗೆ ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೊಲಿಗೆ ಕಲಿಸಿ ನಿವೃತ್ತಳಾದೆ. ಈಗಲೂ ಆ ಗೋದಾಮಿನ ದಿನ ನೆನಪಾದರೆ ನನ್ನನ್ನೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಆ ಬಟ್ಟೆ ನನ್ನ ಮನೆಯವರು ತಂದದ್ದಾಗಿದ್ದರೆ, ಒಂದು ಸಣ್ಣ ಸುಳ್ಳಿನಿಂದ ಎಲ್ಲವೂ ಮುಗಿಯುವಂತಿದ್ದರೆ, ಅಷ್ಟು ಜನರೆದುರು ನಾನು ಎದ್ದು ನಿಲ್ಲುತ್ತಿದ್ದೆನೆ? ಚಿಕ್ಕ ವಯಸ್ಸಿನಲ್ಲಿ, ಖಂಡಿತ ನಿಲ್ಲುತ್ತಿದ್ದೆ ಅಂದುಕೊಂಡಿದ್ದೆ. ಈಗ ಗೊತ್ತಿಲ್ಲ ಎನ್ನುತ್ತೇನೆ. ಹಾಗೆ ಒಪ್ಪಿಕೊಂಡ ಮೇಲೆ ಹುಸೇನಬಿಯವರ ಬಗ್ಗೆ ನನ್ನ ಗೌರವ ಇನ್ನೂ ಹೆಚ್ಚಾಗಿದೆ.