ತೊಳೆದ ಕಾರು, ಮೂರುದಾರಿಯ ಗಂಟು

ತೇನಿ, ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗೆ ಅಪಘಾತಕ್ಕೊಳಗಾದ ವಾಹನಗಳ ವಿಷಯದಲ್ಲಿ ಮೂವತ್ತೊಂದು ವರ್ಷ ಎಲ್ಲರೂ ನಂಬಿದ ಮಾತು ವಿಮಾ ಸರ್ವೇಯರ್ ಶಿವಬಾಲನ್ ಅವರದು. ಹಳೆಯ ಸ್ಕೂಟರಿನಲ್ಲಿ ಸೇವೆ ಆರಂಭಿಸಿದ ಅವರು ಕುಳಿತಲ್ಲೇ ವರದಿ ಬರೆದವರಲ್ಲ, ನಿಂತಲ್ಲಿ ನಿಂತವರೂ ಅಲ್ಲ. ಅವರ ನಿವೃತ್ತಿಯ ಈ ಹೊತ್ತಿನಲ್ಲಿ ಹನುಮಂತನಪಟ್ಟಿಯ ಅಮುದಾ ನೆನೆಯುವುದು ಎರಡು ವರ್ಷದ ಹಿಂದಿನ ಒಂದು ಮಂಗಳವಾರವನ್ನು.

ಅಮುದಾ ಡಯಾಲಿಸಿಸ್ ರೋಗಿಗಳನ್ನು ತೇನಿಗೆ ಕರೆದೊಯ್ಯುವ ಟ್ಯಾಕ್ಸಿ ಓಡಿಸುತ್ತಾಳೆ. ಬತ್ತಲಗುಂಡಿನ ತಿರುವಿನಲ್ಲಿ ಹಸಿರು ಹಾಲಿನ ವ್ಯಾನೊಂದು ಅವಳ ಬಿಳಿ ಕಾರಿಗೆ ಗುದ್ದಿ ನಿಲ್ಲದೆ ಹೋಗಿತ್ತು. ಕಾರು ಹೇಗೋ ಮನೆ ಸೇರಿದ್ದೇ ತಡ, ಅತ್ತೆ ಕರುಪ್ಪಾಯಿ ದೃಷ್ಟಿ ತೆಗೆದು, ಅರಿಸಿನದ ನೀರಿನಲ್ಲಿ ಅದನ್ನು ತಿಕ್ಕಿ ತೊಳೆದುಬಿಟ್ಟಿದ್ದರು. ಫೋಟೋ ನೋಡಿದ ವಿಮಾ ಕಚೇರಿಯವರು, ವ್ಯಾನ್ ಗುದ್ದಿದ ಗುರುತೇ ಇಲ್ಲ, ಹೇಳಿಕೆ ಸುಳ್ಳಿರಬೇಕು ಎಂದರು. ಒಪ್ಪಿಗೆಯಿಲ್ಲದೆ ಗ್ಯಾರೇಜಿನವರು ಕೈಹಚ್ಚುವುದಿಲ್ಲ. ಇತ್ತ ಡಯಾಲಿಸಿಸ್‌ಗೆ ಅವಳ ಕಾರನ್ನೇ ನೆಚ್ಚಿದ್ದ ಗೋವಿಂದನ್ ತಾತನ ಕಾಲು ಊದತೊಡಗಿತ್ತು. ಅಮುದಾ ಗಳಿಗೆಗೊಮ್ಮೆ ಬಾಗಿಲಿಗೂ ಫೋನಿಗೂ ಓಡುತ್ತಿದ್ದಳು.

ಆ ಮಂಗಳವಾರ ಶಿವಬಾಲನ್ ಬಂದವರೇ ಕಾರು ನೋಡಿ, “ಏನ್ ತಾಯೀ, ವಂಡಿಗೆ ಕಲ್ಯಾಣಾನಾ? ಹಿಂಗ್ ಅರಿಸಿನ ಹಚ್ಚೀರಾ!” ಎಂದರು.

“ಕಣ್ಣು ಬಿದ್ದೈತೆ ಸಾಮೀ. ತೊಳೀದೆ ಮನೆ ಮುಂದೆ ನಿಲ್ಸೋಕಾಯ್ತದಾ?” ಎಂದರು ಕರುಪ್ಪಾಯಿ.

ಶಿವಬಾಲನ್ ಕಾರನ್ನು ನಾಲ್ಕು ಸುತ್ತು ಹಾಕಿದರು, ಹಿಂದೆಯೇ ಅಮುದಾ. “ಸಾರ್, ಒಂದ್ ಕಡೆ ನಿಲ್ಲಿ, ನಂಗೇ ತಲೆ ಸುತ್ತುತ್ತೆ.”

“ಒಡ್ದಿದ್ ಚೂರೆಲ್ಲಿ?”

“ಒಡ್ದಿದ್ದನ್ನ ಮನೇಲಿ ಇಟ್ಕೊಂತಾರಾ?” ಎಂದರು ಕರುಪ್ಪಾಯಿ. “ಉಪ್ಪು ಮೆಣಸಿನಕಾಯ್ ಸೇರ್ಸಿ ಗಂಟು ಕಟ್ಟಿ ಮೂರುದಾರೀಲಿ ಇಟ್ಬಂದೆ.”

ಅಂಥ ಗಂಟನ್ನು ಊರಲ್ಲಿ ಯಾರೂ ದಾಟುವುದೂ ಇಲ್ಲ. ಮೂರುದಾರಿಗೆ ಹೋದಾಗ ಅಮುದಾ ಕೂಡ ದೂರವೇ ನಿಂತಳು. ಶಿವಬಾಲನ್ ಅವರು ಸೀನುತ್ತ ಸೀನುತ್ತ ಬರಿಗೈಯಲ್ಲಿ ಗಂಟು ಬಿಚ್ಚಿದರು. ಬಂಪರಿನ ಚೂರೊಂದರ ಮೇಲೆ ಹಸಿರು ಬಣ್ಣ! ಮನೆಗೆ ತಂದು ಹಿಡಿದಾಗ ಅದು ಕಾರಿನ ಮುರಿದ ಮೂಲೆಗೆ ಸರಿಯಾಗಿ ಕೂತಿತು. ಮರುದಿನವೇ ಒಪ್ಪಿಗೆ ಬಂತು.

“ಆ ಕಣ್ಣು ಈಗ ನಿಂಗಾಯ್ತಲ್ಲಪ್ಪಾ! ನಿಲ್ಲು, ತೆಗೀತೀನಿ” ಎಂದು, ಚೂರು ಕೂತ ದಿನವೇ, ಕರುಪ್ಪಾಯಿ ಕೂಗುತ್ತಿದ್ದಂತೆಯೇ, “ಇನ್ನೊಂದ್ ವಂಡಿ ಐತೆ ತಾಯೀ” ಎಂದು ಅವರು ಹೊರಟೇಬಿಟ್ಟಿದ್ದರು.

ಕಳೆದ ತಿಂಗಳು ದಿಂಡಿಗಲ್‌ನ ಬೀಳ್ಕೊಡುಗೆಗೆ ಅಮುದಾಳ ಅದೇ ಕಾರಿನಲ್ಲಿ ಕರುಪ್ಪಾಯಿ ಬೂದುಗುಂಬಳದೊಂದಿಗೆ ಬಂದಿಳಿದರು. “ಅಲುಗಾಡ್ಬ್ಯಾಡ!”

“ದೃಷ್ಟಿ ಆಮೇಲೆ, ಮೊದ್ಲು ಫೋಟೋ ತಾಯೀ” ಎಂದರು ಶಿವಬಾಲನ್; ಎಂದು, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ನಿಂತಲ್ಲೇ ನಿಂತರು.

ಆ ಕಾಲುಗಳಿಗೆ ಇನ್ನೂ ಬಹುಕಾಲದ ನಡಿಗೆಯಿರಲಿ. ಕಣಿವೆಯಲ್ಲಿ ಕಾರು ತೊಳೆಯಲು ನೀರೆತ್ತಿದವರ ಫೋನಿಗೆ “ಮೊದ್ಲು ಫೋಟೋ” ಎನ್ನುವ ಅವರ ದನಿ ಸಿಗುತ್ತಲೇ ಇರಲಿ.