ವಖಾರದೊಳಗಿನ ವಿಮಾನ

ಇವತ್ತು ಬೆಳಿಗ್ಗೆ ಹಾವೇರಿಯ ನಮ್ಮ ಮನೆಯಲ್ಲಿ ಹೆಂಡತಿ ಖಾರದ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಮೂಗಿಗೆ ಬಡಿದು ಸೀನು ಬಂತು. ನಾನು ಮೂಗು ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕಂಬದ ಹಾಗೆ ನಿಂತುಬಿಟ್ಟೆ. “ಸೀನಿದರ ಯಾರರ ಬೈತಾರೇನ್ರಿ?” ಎಂದು ಅವಳು ನಕ್ಕಳು. ಬೈದಿದ್ದಾರೆ. ಸೀನು ನುಂಗುವ ಈ ವಿದ್ಯೆಯನ್ನು ನಾನು ಕಲಿತದ್ದು ಬ್ಯಾಡಗಿಯಲ್ಲಿ, ಕಾಕಾನ ವಖಾರದೊಳಗೆ, ಅಂದರೆ ಮೆಣಸಿನಕಾಯಿ ಚೀಲ ಒಟ್ಟುವ ಗೋದಾಮಿನೊಳಗೆ, ಒಂದು ವಿಮಾನ ಹಾರುತ್ತಿದ್ದಾಗ. ನಗಬೇಡಿ, ಹೇಳುತ್ತೇನೆ.

ಕಾಕಾ ಮೆಣಸಿನಕಾಯಿ ವ್ಯಾಪಾರಿ. ಬಲಗೈಯಲ್ಲಿ ಒಂದು ಹಿಡಿ ಕಾಯಿ ಎತ್ತಿ ಅಲುಗಿಸಿ, ಒಳಗಿನ ಬೀಜದ ಸದ್ದು ಕೇಳಿಯೇ ಮಾಲು ಎಂಥದೆಂದು ಹೇಳುತ್ತಿದ್ದ. ಲಕ್ವಾ ಹೊಡೆದ ಮೇಲೆ ಆ ಬಲಗೈಯಲ್ಲಿ ಜೀವ ಉಳಿಯಿತು, ಬಲ ಉಳಿಯಲಿಲ್ಲ. ಕಾಕಾ ವಖಾರಕ್ಕೆ ಕೀಲಿ ಹಾಕಿ, ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡ. ಡಾಕ್ಟರು ಕೈಗೆ ಕೆಲಸ ಕೊಡಿ ಎಂದರೆ, “ಸತ್ತ ಕೈಗೆ ಏನ್ ಕೆಲಸರೀ?” ಎನ್ನುತ್ತಿದ್ದ. ಕಾಕಿಗೆ ಹಗಲು ರಾತ್ರಿ ಒಂದೇ ಚಿಂತೆ: ಆ ಕೈ ಶಾಲಿನಿಂದ ಹೊರಗೆ ಬರಬೇಕು.

ಕಾಕಿ ರಾಣೆಬೆನ್ನೂರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. ಹಿಸುಕಲು ಚೆಂಡು ಕೊಟ್ಟಳು, ನಾದಲು ಹಿಟ್ಟು ಕೊಟ್ಟಳು. ಕಾಕಾ ಮುಖ ತಿರುಗಿಸಿದ. ಆಮೇಲೆ ಮೊಬೈಲಿನಲ್ಲಿ ಎಲ್ಲಿಯೋ ನೋಡಿ, ರಬ್ಬರಿನ ಬಲದಿಂದ ಮನೆಯೊಳಗೇ ಹಾರುವ ಪುಟ್ಟ ವಿಮಾನದ ಸಾಮಾನು ತರಿಸಿದಳು. ಬಾಲ್ಸಾ ಎಂಬ ಕಟ್ಟಿಗೆಯ ಕಡ್ಡಿಗಳು. ಅಂಗೈ ಮೇಲೆ ಇಟ್ಟುಕೊಂಡರೆ ಇಟ್ಟಿದ್ದೇ ಗೊತ್ತಾಗದಷ್ಟು ಹಗುರ. ಸಹಾಯಕ್ಕೆಂದು ಕರೆಸಿಕೊಂಡ ನಾನು ಮೊದಲ ದಿನ ಅಂಟಿಸಿದ್ದು ನನ್ನದೇ ಎರಡು ಬೆರಳುಗಳನ್ನು. ಅಂತೂ ಕಡ್ಡಿಗಳ ಚೌಕಟ್ಟಿಗೆ ತೆಳು ಕಾಗದ ಹೊದಿಸಿ, ಮೂತಿಗೆ ಪಂಖ ಸಿಕ್ಕಿಸಿ, ಅದನ್ನು ತಿರುಗಿಸುವ ರಬ್ಬರ್ ಪಟ್ಟಿಗೆ ಔಡಲೆಣ್ಣೆ ಸವರಿ, ಒಣಗಲೆಂದು ಪಡಸಾಲೆಯಲ್ಲಿ ಕಾಕಾನ ಪಕ್ಕ ಇಟ್ಟು ಚಹಾ ಕುಡಿಯಲು ಒಳಗೆ ಹೋದೆವು.

ಬಂದು ನೋಡಿದರೆ ರೆಕ್ಕೆ ಒದ್ದೆಮುದ್ದೆ!

“ಒಣಗಿ ಗರಿಗರಿ ಆಗಿತ್ತು. ಮುರೀತೈತಿ ಅಂತ ಒಂದೀಟು ನೀರು ಹೊಡದೆ,” ಎಂದ ಕಾಕಾ. ಒಣಗಿದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವ ಮೊದಲು, ಪುಡಿಯಾಗದಿರಲಿ ಎಂದು ನೀರು ಚಿಮುಕಿಸುತ್ತಾರೆ. ಹುಟ್ಟಿದಾಗಿನಿಂದ ಅದನ್ನೇ ಕಂಡವನು ವಿಮಾನಕ್ಕೂ ಅದೇ ಉಪಚಾರ ಮಾಡಿದ್ದ. ನನಗೆ ಅಳು ಬರುವುದೊಂದು ಬಾಕಿ. ಕಾಕಿ ಮಾತ್ರ ರೆಕ್ಕೆಯನ್ನು ನೋಡಲೇ ಇಲ್ಲ. ಕಾಕಾನ ಎಡಗೈಯಲ್ಲಿ ತಂಬಿಗೆ ಇತ್ತು. ನೀರು ತೊಟ್ಟಿಕ್ಕುತ್ತಿದ್ದದ್ದು ಬಲಗೈ ಬೆರಳಿನಿಂದ. ಅವಳು ಅದನ್ನು ನೋಡುತ್ತಿದ್ದಳು.

ಒಣಗಿದ ಮೇಲೆ ಒಂದು ರೆಕ್ಕೆ ಸೊಟ್ಟಗಾಯಿತು. ಕಾಕಾನ ಮುಖ ಸಣ್ಣದಾಯಿತು. “ಕೆಡಿಸಿದಾಂವ ನಾನ. ವಖಾರದಾಗ ಗಾಳಿ ಆಡೂದಿಲ್ಲ, ಅಲ್ಲಿ ಹಾರತೈತೇನ್ ನೋಡೂನು ನಡೀರಿ,” ಎಂದು ತಾನೇ ಕೀಲಿಕೈ ತೆಗೆದ.

ಖಾಲಿ ವಖಾರ, ಎತ್ತರದ ಮಾಡು, ಮೂಲೆಮೂಲೆಯಲ್ಲೂ ಹಳೆಯ ಘಾಟು. ರಬ್ಬರು ಹುರಿಗೊಳಿಸಿ ಮೊದಲು ನಾನು ಬಿಟ್ಟೆ. ಮೂತಿ ಮೇಲೆತ್ತಿ ದೊಪ್ಪನೆ ಬಿತ್ತು. ಕಾಕಿ ಬಿಟ್ಟಳು; ಅದೇ ಗತಿ.

“ದಬ್ಬಾಕತ್ತೀರಿ ನೀವು. ತಾ ಇಲ್ಲೆ,” ಎಂದ ಕಾಕಾ. ಶಾಲು ಜಾರಿಸಿ ಬಲಗೈ ಮುಂದೆ ಚಾಚಿದ. ಬಲವಿಲ್ಲದ ಆ ಬೆರಳುಗಳ ನಡುವೆ ವಿಮಾನವನ್ನು ಇಟ್ಟೆ.

ಅವನು ಬಿಟ್ಟ ಎನ್ನಲಾರೆ. ಅದೇ ಹೊರಟಿತು. ನಡೆಯುವ ಮನುಷ್ಯನಿಗಿಂತ ನಿಧಾನವಾಗಿ, ಸದ್ದೇ ಇಲ್ಲದೆ, ಸೊಟ್ಟ ರೆಕ್ಕೆಯ ಕಡೆಗೇ ವಾಲಿ, ಗೋಡೆಗೆ ತಾಗದೆ ಸುತ್ತು ಹಾಕುತ್ತ ಮೇಲೇರಿತು. ಮಾಡಿನ ಗಾಜಿನ ಹಂಚಿನ ಕೆಳಗೆ ಬಂದಾಗ ಬೆಳಕು ಕಾಗದವನ್ನು ದಾಟಿ ಒಳಗಿನ ಕಡ್ಡಿಗಳೆಲ್ಲ ಕಂಡವು. ಆ ಕಡ್ಡಿಗಳನ್ನು ಅಂಟಿಸಿದವನು ನಾನೇ. ಆದರೂ ಮೈಮೇಲೆ ಮುಳ್ಳೆದ್ದವು, ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ. ಅಷ್ಟರಲ್ಲಿ ಹಾಳು ಸೀನು ಬಂತು. ಆ ಗಾಳಿಗೆ ಅಷ್ಟು ಹಗುರದ ವಿಮಾನ ತಡೆದೀತೆ? “ಸೀನೀದಿ ಅಂದ್ರ ಮನೀಗೆ ಬರಬ್ಯಾಡ!” ಎಂದು ಕಾಕಿ ಪಿಸುಗುಟ್ಟಿದಳು. ನುಂಗಿದೆ. ಮೂವರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದೆವು. ವಿಮಾನ ಇಳಿದು ನೆಲ ಮುಟ್ಟಿದ್ದೇ ತಡ, ಕಾಕಾ ಮತ್ತೆ ಬಲಗೈ ಚಾಚಿದ.

ಕಾಕಾನ ಕೈ ಪೂರ್ತಿ ಸರಿಹೋಗಲಿಲ್ಲ. ಇಂದಿಗೂ ಎಡಗೈಯಲ್ಲಿ ಚಮಚ ಹಿಡಿದೇ ಊಟ ಮಾಡುತ್ತಾನೆ. ಆದರೆ ವಖಾರದ ಬಾಗಿಲು ದಿನವೂ ತೆರೆಯುತ್ತದೆ, ಈಗ ಹಾರುತ್ತಿರುವುದು ಎಷ್ಟನೆಯ ವಿಮಾನವೋ ಲೆಕ್ಕವಿಲ್ಲ. ಎಲ್ಲವನ್ನೂ ಬಲಗೈಯಿಂದಲೇ ಬಿಡುತ್ತಾನೆ. ಇಂದು ಸೀನು ನುಂಗಿ ಸುಧಾರಿಸಿಕೊಂಡು ಫೋನು ಮಾಡಿದಾಗ ಕೇಳಿಯೇಬಿಟ್ಟೆ: “ಕಾಕಾ, ಎಡಗೈ ಗಟ್ಟಿ ಐತೆಲ್ಲ, ಅದರಲೆ ಯಾಕ ಬಿಡೂದಿಲ್ಲ?”

“ಗಟ್ಟಿ ಐತಿ ಅಂತನ ಬ್ಯಾಡೋ ತಮ್ಮಾ. ಅದು ಹಿಡಕೊಂತೈತಿ, ಬಿಡೂದು ಗೊತ್ತಿಲ್ಲ ಅದಕ್ಕ.”

ಫೋನು ಇಟ್ಟು ನನ್ನ ಗಟ್ಟಿಮುಟ್ಟಾದ ಎರಡೂ ಕೈಗಳನ್ನು ನೋಡಿಕೊಂಡೆ. ಮೊದಲ ಸಲ ಅವುಗಳ ಮೇಲೆ ಅನುಮಾನ ಬಂತು.