ಸೋಮವಾರ ನೊಗ ಇಳಿಸಿದ ಕಂಪ್ಯೂಟರ್

ನಮ್ಮ ಕಾಲೇಜಿನ ಹೆಡ್ ಕ್ಲರ್ಕರ ಕಂಪ್ಯೂಟರಿಗೆ ಸೋಮವಾರ ರಜೆ. ಹೊಸಬರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಾನೂ ನಕ್ಕವಳೇ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಹೆಡ್ ಕ್ಲರ್ಕರದು ಅಗರಖೇಡದಲ್ಲಿ ಎತ್ತು ಕಟ್ಟಿದ ಮನೆ. ಆ ಮನೆಯ ನಿಯಮವನ್ನು ಅವರು ಆಫೀಸಿಗೂ ತಂದಿದ್ದರು. ಶನಿವಾರ ಸಂಜೆ ಕರೆಂಟಿನ ವೈರು, ನೆಟ್ಟಿನ ವೈರು ಎರಡನ್ನೂ ಕಿತ್ತು ಸುತ್ತಿಟ್ಟು, ಪೆಟ್ಟಿಗೆಯ ಮೇಲೆ ಮೂರು ಬೆರಳು ವಿಭೂತಿ ಎಳೆದು, ಕೋಣೆಗೆ ಬೀಗ ಹಾಕಿ ಊರಿನ ಬಸ್ಸು ಹತ್ತಿದರೆ, ಅದು ಮತ್ತೆ ಕಣ್ಣು ಬಿಡುವುದು ಮಂಗಳವಾರ ಬೆಳಿಗ್ಗೆಯೇ. ಸೋಮವಾರ ಅವರು ಬ್ಯಾಂಕು, ವಿಶ್ವವಿದ್ಯಾಲಯ ಅಂತ ಹೊರಗಿನ ಕೆಲಸ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಪ್ರಿನ್ಸಿಪಾಲರೂ ಸುಮ್ಮನಿದ್ದರು.

ನಾನು ಸಿಂದಗಿಯವಳು. ಬಸವನ ಬಾಗೇವಾಡಿಯ ಈ ಹೆಣ್ಣುಮಕ್ಕಳ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆಯೂ ಹರಿತ. ನಿಮ್ಮ ಎತ್ತು ಮೇವು ತಿಂದಿತೋ ಇಲ್ಲವೋ ಅಂತ ಹೆಡ್ ಕ್ಲರ್ಕರನ್ನು ಸಮಾ ಕಾಡುತ್ತಿದ್ದೆ. ಹೊಸ ಸಾಫ್ಟ್‌ವೇರ್ ಬಂದಮೇಲಂತೂ ಕಾಡಲು ಇನ್ನೊಂದು ಕಾರಣ ಸಿಕ್ಕಿತು. ಅಂಕಗಳನ್ನು ನಾವೆಲ್ಲ ನೇರವಾಗಿ ಅದರೊಳಗೇ ಹಾಕುತ್ತಿದ್ದೆವು, ಕಾಗದ ಬಿಟ್ಟೆವು ಅಂತ ಹೆಮ್ಮೆಪಡುತ್ತಿದ್ದೆವು. ಈ ಮನುಷ್ಯ ಮಾತ್ರ ವಾರ ವಾರ ಕೂತು, ಅದೇ ಅಂಕಗಳನ್ನು ತಮ್ಮ ಹಳೇ ಪ್ರೋಗ್ರಾಮಿನಲ್ಲಿ ಮತ್ತೆ ಒತ್ತುತ್ತಿದ್ದರು. ಯಾಕೆ ಅಂತ ಕೇಳಿದರೆ, ಮನೆಗೆ ಬಂದ ಹೊಸ ಸೊಸೆಯ ಕೈಗೆ ಅಂದೇ ಕೀಲಿಕೈ ಕೊಡುತ್ತಾರೇನು ಅಂತ ನನ್ನನ್ನೇ ಕೇಳುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಯಾವ ಕಂಪ್ಯೂಟರ್ ಹಚ್ಚಿದರೂ ಒಂದೇ ಬರಹ ಕಾಣಿಸಿತು. ನಿಮ್ಮ ಎಲ್ಲ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಹಣ ಕಳಿಸಿ. ಕೆಳಗೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಇಂಥ ದಾಳಿಗಳ ಸುದ್ದಿಯನ್ನು ಪೇಪರಿನಲ್ಲಿ ಆಗಾಗ ಓದುತ್ತಿದ್ದೆ. ಅದೆಲ್ಲ ದೊಡ್ಡ ಆಸ್ಪತ್ರೆ, ದೊಡ್ಡ ಕಂಪನಿಗಳ ಮಾತು, ನಮ್ಮಂಥವರನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಕಳ್ಳರು ನಮ್ಮನ್ನು ಹುಡುಕಿಕೊಂಡು ಬಂದಿರಲೇ ಇಲ್ಲ. ಅಂಕ ಹಾಕುವ ಆ ಹೊಸ ಸಾಫ್ಟ್‌ವೇರಿನಲ್ಲಿ ಒಂದು ಲೋಪವಿತ್ತು, ಅದನ್ನು ಮುಚ್ಚುವ ಅಪ್‌ಡೇಟ್ ಬಂದಿದ್ದರೂ ಮಾರಿದ ಕಂಪನಿಯವರು ಹಾಕಿರಲಿಲ್ಲ. ತೆರೆದ ಬಾಗಿಲು ಸಿಕ್ಕಿದ ಕಡೆಯೆಲ್ಲ ಕಳ್ಳರು ನುಗ್ಗಿದ್ದರು, ನಾವೂ ಸಿಕ್ಕಿಬಿದ್ದೆವು. ಅಂಕಗಳ ಕಾಪಿ ಇಟ್ಟ ಡಿಸ್ಕ್ ಕೂಡ ಆ ಸಾಫ್ಟ್‌ವೇರ್ ಇದ್ದ ಸರ್ವರಿಗೇ ಅಂಟಿಕೊಂಡಿತ್ತು, ಅದಕ್ಕೂ ಬೀಗ ಬಿತ್ತು. ನಾನೇ ಓಡಾಡಿ ಎಲ್ಲ ವೈರುಗಳನ್ನು ಕಿತ್ತು ಹಾಕಿದೆ.

ಹೋದದ್ದು ಬರೀ ಫೈಲುಗಳಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಕೊನೆಯ ವರ್ಷದ ಹುಡುಗಿಯರ ಇಂಟರ್ನಲ್ ಅಂಕಗಳನ್ನು ಮರುದಿನ ಸಂಜೆಯೊಳಗೆ ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಏರಿಸಬೇಕಿತ್ತು. ತಪ್ಪಿದರೆ ಅವರ ಫಲಿತಾಂಶ ತಡೆಯುತ್ತಾರೆ, ವರ್ಷ ಹೋಗುತ್ತದೆ. ಗಂಡುಹುಡುಗರಿಗೆ ಒಂದು ವರ್ಷ ಹೋದರೆ ಒಂದು ವರ್ಷವಷ್ಟೇ ಹೋಗುತ್ತದೆ. ನಮ್ಮ ಕಾಲೇಜಿನಲ್ಲಿ ವರ್ಷದ ಹಿಂದೆ ಹುಡುಗಿಯೂ ಹೋಗುತ್ತಾಳೆ. ನಾಲತವಾಡದಿಂದ ಬರುತ್ತಿದ್ದ ಒಬ್ಬಳಿದ್ದಳು, ತರಗತಿಯಲ್ಲಿ ನನ್ನ ತಪ್ಪನ್ನು ಎದ್ದು ನಿಂತು ತಿದ್ದುವಷ್ಟು ಚುರುಕು. ಬೀಗರು ಆಗಲೇ ಹೆಣ್ಣು ನೋಡಿಕೊಂಡು ಹೋಗಿದ್ದರು. ಡಿಗ್ರಿ ಒಂದು ಮುಗಿಯಲಿ ಅಂತ ಅವಳ ಅಪ್ಪ ತಡೆದು ನಿಲ್ಲಿಸಿದ್ದರು. ಮುಂದೆ ಎಂ.ಸಿ.ಎ. ಓದುತ್ತೇನೆ ಅಂತ ಅವಳು ಕೇಳುತ್ತಿದ್ದಳು, ಅವರು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಪ್ರಿನ್ಸಿಪಾಲರು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಗೋಗರೆದರು. ಒಬ್ಬರಿಗೆ ದಿನ ಮುಂದೂಡಿದರೆ ಎಲ್ಲರೂ ಬರುತ್ತಾರೆ ಅಂತ ಆ ಕಡೆಯವರು ಕೈ ಎತ್ತಿದರು. ಸಂಸ್ಥೆಯ ಅಧ್ಯಕ್ಷರು, ಕೇಳಿದ್ದನ್ನು ಕೊಟ್ಟು ಕೈ ತೊಳೆದುಕೊಳ್ಳೋಣ ಅಂದರು. ದುಡ್ಡು ತಗೊಂಡ ಮೇಲೆ ಕೀಲಿ ಕೊಡುತ್ತಾನೆ ಅಂತ ಕಳ್ಳನಿಗೆ ನೀವು ಜಾಮೀನು ನಿಲ್ಲುತ್ತೀರಾ ಅಂತ ನಾನು ಮುಖಕ್ಕೆ ಹೊಡೆದಂತೆ ಕೇಳಿದೆ. ಪೊಲೀಸರಿಗೆ ದೂರು ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸುತ್ತಲ ಊರಿಗೆಲ್ಲ ಹಬ್ಬಿ, ಆ ಹುಡುಗಿಯ ಅಪ್ಪ ನನಗೇ ಫೋನ್ ಮಾಡಿದರು.

"ಅಕ್ಕೋರ, ನಿಮ್ಮ ಸಾಲೀನ ನಿಮಗ ಕಾಯಾಕ ಆಗ್ಲಿಲ್ಲ. ನನ್ನ ಮಗಳಿಗೇನು ಕಲಸ್ತೀರ್ರಿ?"

ಅವರು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟೆ. ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ, ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಂಗಳವಾರ ಬೆಳಿಗ್ಗೆ ಸಾಫ್ಟ್‌ವೇರ್ ಕಂಪನಿಯ ಮನುಷ್ಯ ಬಂದು, ಏನಾಗಿದೆ ನೋಡಬೇಕು ಅಂತ ನಾನು ಕಿತ್ತ ವೈರುಗಳನ್ನೆಲ್ಲ ಮತ್ತೆ ಜೋಡಿಸಿಬಿಟ್ಟಿದ್ದ. ನಾನು ಅವನ ಜೊತೆ ಜಗಳಕ್ಕೆ ಅಂತ ಆಫೀಸಿನ ಕಡೆ ಬರುತ್ತಿದ್ದೆ. ಹೆಡ್ ಕ್ಲರ್ಕರ ಕೋಣೆ ತೆರೆದಿತ್ತು. ಅವರು ಪೆಟ್ಟಿಗೆಗೆ ಹೊಸದಾಗಿ ವಿಭೂತಿ ಹಚ್ಚಿ, ಹೂವಿಟ್ಟು, ಕರೆಂಟು ಕೊಟ್ಟಿದ್ದರು. ಪರದೆಯ ಮೇಲೆ ಅವರ ಹಳೇ ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ಕೂತಿತ್ತು. ನಾನು ಬಾಗಿಲಲ್ಲೇ ನಿಂತೆ. ಎಲ್ಲವೂ ಒಂದೇ ವೈರಿನ ಮೇಲಿದ್ದವು, ಹಾಗಾಗಿ ಇದೂ ಹೋಯಿತು ಅಂತ ಆಸೆ ಬಿಟ್ಟಿದ್ದೆ. ಕಳ್ಳರು ನುಗ್ಗಿದ ಹೊತ್ತಿಗೆ ಇದು ನೊಗ ಇಳಿಸಿಕೊಂಡು ಮಲಗಿತ್ತು ಅನ್ನುವುದು ಆ ಗಾಬರಿಯಲ್ಲಿ ಹೊಳೆದಿರಲೇ ಇಲ್ಲ. ಅಷ್ಟರಲ್ಲಿ ಅವರು ನೆಟ್ಟಿನ ವೈರಿನ ತುದಿಯ ಧೂಳು ಊದಿ, ಎಂದಿನಂತೆ ಚುಚ್ಚಲು ಬಗ್ಗಿದರು.

"ಆ ವೈರ್ ಹಚ್ಚಬ್ಯಾಡ್ರಿ," ಅಂದೆ. ಅಂದೆ ಅನ್ನುವುದು ಸುಳ್ಳು, ಆ ದನಿಗೆ ಪಕ್ಕದ ಕೋಣೆಯಿಂದ ಪ್ರಿನ್ಸಿಪಾಲರು ಎದ್ದು ಬಂದರು.

ಹೆಡ್ ಕ್ಲರ್ಕರು ಬಗ್ಗಿದಲ್ಲೇ ನಿಂತು, ಇವತ್ತು ಮಂಗಳವಾರ ಅಲ್ಲವೇನ್ರಿ ಅಂತ ಕೇಳಿದರು. ಇದನ್ನು ಹಚ್ಚಿದರೆ ನಿಮ್ಮ ಪೆಟ್ಟಿಗೆಗೂ ಕಳ್ಳರ ಬೀಗ ಬೀಳುತ್ತದೆ ಅಂತ ಅವರ ಕೈಯಿಂದ ವೈರು ಕಸಿದುಕೊಂಡೆ. ಆಮೇಲೆ ಪ್ರೋಗ್ರಾಮಿನಲ್ಲಿ ಒಬ್ಬೊಬ್ಬರ ಹೆಸರನ್ನೂ ತೆರೆದು ನೋಡಿದೆವು. ಶನಿವಾರದವರೆಗಿನ ಎಲ್ಲ ಅಂಕಗಳೂ ಇದ್ದವು. ನಾನು ಅವರ ಎತ್ತಿಗೆ ಕೈಮುಗಿದೆ, ತಮಾಷೆಗಲ್ಲ.

ಅಂಕಗಳು ಸಿಕ್ಕಿದ್ದರೂ ಆ ಕಟ್ಟಡದಿಂದ ಏರಿಸುವ ಧೈರ್ಯ ನನಗಿರಲಿಲ್ಲ. ನಮ್ಮ ಸಂಸ್ಥೆಯದೇ ಇನ್ನೊಂದು ಕಾಲೇಜು ಮುದ್ದೇಬಿಹಾಳದಲ್ಲಿದೆ, ಅವರು ಈ ಸಾಫ್ಟ್‌ವೇರ್ ಕೊಂಡಿರಲಿಲ್ಲ. ಅಲ್ಲಿಗೆ ಹೋಗುವುದು ಅಂತಾಯಿತು. ಪೆಟ್ಟಿಗೆಯನ್ನು ಜಮಖಾನದಲ್ಲಿ ಸುತ್ತಿ, ನಾನು ಮತ್ತು ಹೆಡ್ ಕ್ಲರ್ಕರು ಬಸ್ ನಿಲ್ದಾಣಕ್ಕೆ ಬಂದರೆ, ನಾಲತವಾಡದ ಹುಡುಗಿ ಅಲ್ಲಿ ಕೂತಿದ್ದಳು. ಊರಿಗೆ ಹೋಗಿ ಅಪ್ಪನಿಗೆ ಏನು ಹೇಳುವುದು ಅಂತ ತಿಳಿಯದೆ ಎರಡು ಬಸ್ಸು ಬಿಟ್ಟಿದ್ದಳಂತೆ. ಜಮಖಾನದಲ್ಲಿ ನಿನ್ನ ಅಂಕ ಇವೆ ಬಾ ಅಂದೆ. ದಾರಿಯುದ್ದಕ್ಕೂ ಅವಳೇ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ನಮ್ಮ ಕೈಗೆ ಕೊಡಲಿಲ್ಲ. ಜಮಖಾನ ಜಾರಿ ವಿಭೂತಿ ಕಂಡಾಗ, ಪಕ್ಕದ ಮುದುಕಿಯೊಬ್ಬಳು ಇದು ಯಾವ ಊರ ದೇವರು ಅಂತ ವಿಚಾರಿಸಿ ನಮಸ್ಕಾರ ಮಾಡಿದಳು. ನಾವು ಯಾರೂ ತಿದ್ದಲಿಲ್ಲ.

ತೊಗರಿ ಮಾರಲು ಮುದ್ದೇಬಿಹಾಳದ ಪೇಟೆಗೆ ಬಂದಿದ್ದ ಅವಳಪ್ಪ, ಮಗಳ ಫೋನು ಬಂದದ್ದೇ ಕಾಲೇಜಿಗೆ ಬಂದರು. ಹೆಗಲ ಮೇಲೆ ಟವೆಲು, ಮುಖ ಗಂಟು. ಕಂಪ್ಯೂಟರ್ ಕೋಣೆಯ ಬೆಂಚಿನ ಮೇಲೆ ಕೂತು ನಮ್ಮನ್ನೇ ನೋಡತೊಡಗಿದರು. ನೋಡಲಿ ಅಂತ ನಾನೂ ಬೆನ್ನು ತಿರುಗಿಸಲಿಲ್ಲ. ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟೆವು, ನಡುವೆ ವೈರಿಲ್ಲ, ಪೆನ್ ಡ್ರೈವಿಲ್ಲ. ಹೆಡ್ ಕ್ಲರ್ಕರು ತಮ್ಮದರಲ್ಲಿ ನೋಡಿ ಗಟ್ಟಿಯಾಗಿ ಓದುವುದು, ನಾನು ಇನ್ನೊಂದರಲ್ಲಿ ಒತ್ತುವುದು, ಆಮೇಲೆ ನಾನು ಓದಿ ಹೇಳುವುದು, ಅವರು ಹೂಂ ಅನ್ನುವುದು. ಬಾಯಿಂದ ಕಿವಿಗೆ ಹೋಗುವ ದಾರಿಯಲ್ಲಿ ಯಾವ ಕಳ್ಳ ನುಗ್ಗುತ್ತಾನೆ ನೋಡೋಣ ಅಂತ ನಾನು ಹಲ್ಲು ಕಚ್ಚಿ ಒತ್ತಿದೆ. ನಾಲತವಾಡದ ಹುಡುಗಿಯ ಹೆಸರು ಬಂದಾಗ ಹೆಡ್ ಕ್ಲರ್ಕರು ಬೇಕಂತಲೇ ದನಿ ಏರಿಸಿದರು. ಎಲ್ಲ ವಿಷಯಗಳಲ್ಲೂ ಹೆಚ್ಚಿನ ಅಂಕ. ಬೆಂಚಿನ ಕಡೆಯಿಂದ ಕೆಮ್ಮು ಕೇಳಿಸಿತು.

ಸಂಜೆಗೆ ಇನ್ನೂ ಹೊತ್ತಿರುವಾಗಲೇ ಕೊನೆಯ ಹೆಸರು ಮುಗಿಯಿತು. ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರವೊಂದು ಗಳಿಗೆ ಹೊತ್ತು ಸುತ್ತಿತು, ಆಮೇಲೆ ಸ್ವೀಕರಿಸಲಾಗಿದೆ ಅಂತ ಹಸಿರು ಅಕ್ಷರ ಮೂಡಿತು. ಜೀವನದಲ್ಲಿ ನಾನು ಅಷ್ಟು ಖುಷಿಪಟ್ಟದ್ದು ಕಡಿಮೆ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಆ ಹುಡುಗಿಯನ್ನು ತಬ್ಬಿಕೊಂಡು, ಇಬ್ಬರೂ ಕುಣಿದೆವು. ಒಂದು ಪೈಸೆ ಕೊಡಲಿಲ್ಲ, ಒಬ್ಬ ಹುಡುಗಿಯನ್ನೂ ಬಿಟ್ಟುಕೊಡಲಿಲ್ಲ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದಾಗ ಆ ಕಡೆ ಹುಡುಗಿಯರ ಕೂಗಾಟದಲ್ಲಿ ಅವರ ಮಾತೇ ಕೇಳಿಸಲಿಲ್ಲ.

ಗದ್ದಲ ತಣ್ಣಗಾದಮೇಲೆ ಅವಳಪ್ಪ ಬೆಂಚಿನಿಂದ ಎದ್ದು ನನ್ನ ಹತ್ತಿರ ಬಂದರು. ನಿನ್ನೆಯ ಮಾತಿಗೆ ಏನಾದರೂ ಅನ್ನುತ್ತಾರೆ ಅಂದುಕೊಂಡು ನಾನೂ ಸೆಟೆದು ನಿಂತೆ.

"ಅಕ್ಕೋರ, ಈ ಕಳ್ಳರನ್ನ ತಡಿಯೋ ವಿದ್ಯಾ ಎಲ್ಲಿ ಕಲಸ್ತಾರ್ರಿ?"

ಎಂ.ಸಿ.ಎ. ಓದಿದರೆ ಅದನ್ನೇ ಕಲಿಯಬಹುದು, ಇವಳು ಕೇಳುತ್ತಿರುವುದೂ ಅದನ್ನೇ ಅಂದೆ. ಅವರು ಮಗಳ ಕಡೆ ನೋಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಫೋನ್ ತೆಗೆದು, ನಮ್ಮೆದುರಿಗೇ ಬೀಗರಾಗಬೇಕಾದವರ ನಂಬರು ಒತ್ತಿದರು.

"ನಮಸ್ಕಾರ್ರಿ. ನೀವು ಬ್ಯಾರೆ ಕಡಿ ಹೆಣ್ಣು ನೋಡ್ರಿ. ನಮ್ಮ ಹುಡುಗಿ ಇನ್ನೂ ಕಲೀತಾಳ."